ಮುಟ್ಟುವ ಕೈ, ಸುಡುವ ಕೈ

ಯುದ್ಧದಲ್ಲಿ ಆಸ್ಪತ್ರೆಗಳ ಮೇಲೆ ಬಾಂಬು ಬೀಳುವ ವಿಚಾರವನ್ನು ನಮ್ಮ ಅಧ್ಯಯನ ಶಿಬಿರಗಳಲ್ಲಿ ಎತ್ತಿದಾಗಲೆಲ್ಲ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. 'ನಮ್ಮೂರ ಆಸ್ಪತ್ರೆಗೇ ಬೀಗ ಬಿದ್ದಿದೆ. ಡಾಕ್ಟರು ವಾರಕ್ಕೊಂದು ಸಲ ಮುಖ ತೋರಿಸಿದರೆ ಹೆಚ್ಚು. ಎಲ್ಲೋ ಆಫ್ಘಾನಿಸ್ತಾನದಲ್ಲಿ, ಗಾಜಾದಲ್ಲಿ ಆಸ್ಪತ್ರೆ ಉರುಳಿದರೆ ಅದನ್ನು ಕಟ್ಟಿಕೊಂಡು ನಮಗೇನಾಗಬೇಕು?'

ಕೇಳುವ ಹುಡುಗ ಕೊಂಕು ಮಾತಾಡುತ್ತಿಲ್ಲ. ಹೆರಿಗೆ ನೋವಿನಲ್ಲಿದ್ದ ಅಕ್ಕನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತಾಲ್ಲೂಕಿಗೆ ಓಡಿದವನು ಕೇಳುವ ಪ್ರಶ್ನೆ ಅದು. ಅದಕ್ಕೆ 'ಮಾನವೀಯತೆ', 'ವಿಶ್ವಶಾಂತಿ' ಅಂತ ಎರಡು ದೊಡ್ಡ ಪದ ಎಸೆದು ಬಾಯಿ ಮುಚ್ಚಿಸುವುದು ಸುಲಭ. ಅಂಥ ಪದಗಳಿಂದ ನಮ್ಮ ಬಾಯಿಯನ್ನೇ ಎಷ್ಟೋ ಸಲ ಮುಚ್ಚಿಸಿದ್ದಾರೆ. ಆದ್ದರಿಂದ ಆ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮದೇ ಕಥೆಯೊಂದನ್ನು ನೆನೆಯೋಣ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಅನ್ನುವ ತಮ್ಮ ನೆನಪಿನ ಬರಹದಲ್ಲಿ ಒಂದು ಕಾಗದವನ್ನು ಸೇರಿಸಿದ್ದಾರೆ. ಅದು 1929ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಬರೆದವನು ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮೇಷ್ಟ್ರು. ಅವನ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಬರುವುದಿಲ್ಲ ಅಂದ. ಊರ ದೊಡ್ಡವರ ಕೈಕಾಲು ಹಿಡಿದ ಮೇಲೆ, ಎರಡು ರೂಪಾಯಿ ಫೀಸಿಗೆ, ಕೇರಿಯ ಹೊರಗೆ ನಿಂತು ನೋಡುತ್ತೇನೆ ಅಂತ ಒಪ್ಪಿದ. ಬಾಣಂತಿಯನ್ನು, ಎರಡು ದಿನದ ಕೂಸನ್ನು ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಗಂಡನಿಗೆ ಕೊಟ್ಟ. ಗಂಡ ಹೆಂಡತಿಗೆ ಕೊಟ್ಟ. ಅದೇ ದಾರಿಯಲ್ಲಿ ಅದು ವಾಪಸು ಹೋಯಿತು. ರಾತ್ರಿಯಾಗಿತ್ತು. ಡಾಕ್ಟರು ದೀಪದ ಬೆಳಕಿನಲ್ಲಿ ಅದನ್ನು ನೋಡಿ ನ್ಯುಮೋನಿಯ ಅಂದ, ಹೊರಟುಹೋದ. ಮತ್ತೆ ಕರೆದರೆ ಬರಲಿಲ್ಲ. ಆಕೆ ಸತ್ತಳು.

ಆ ಡಾಕ್ಟರು ಬಾಂಬು ಹಾಕಲಿಲ್ಲ, ಕತ್ತಿ ಎತ್ತಲಿಲ್ಲ. ಅವನು ಮಾಡಿದ್ದು ಇಷ್ಟೆ: ಮುಟ್ಟಲಿಲ್ಲ. ಎದುರಿಗಿದ್ದ ಮೈಯನ್ನು ಮೈ ಅಂತ ನೋಡುವ ಮೊದಲು ಅದು ಯಾರ ಮೈ ಅಂತ ಕೇಳಿದ. ಉತ್ತರ ಸಿಕ್ಕಿದ ಕೂಡಲೆ ಅವನ ವೈದ್ಯ ನಿಂತುಹೋಯಿತು.

'ಇದು ಯಾರ ಮೈ?' ಅನ್ನುವ ಈ ಪ್ರಶ್ನೆಯೇ ನಮ್ಮ ಕೇರಿಗೂ ದೂರದ ಯುದ್ಧಭೂಮಿಗೂ ಇರುವ ಸಂಬಂಧ. ಆಸ್ಪತ್ರೆ ಅಂದರೆ ಆ ಪ್ರಶ್ನೆಯನ್ನು ಬಾಗಿಲಾಚೆ ಬಿಟ್ಟು ಬರಬೇಕಾದ ಜಾಗ. ಒಳಗೆ ನೋವು ಎಷ್ಟು, ರಕ್ತ ಎಷ್ಟು ಹೋಗಿದೆ, ಯಾರನ್ನು ಮೊದಲು ನೋಡಬೇಕು ಅನ್ನುವುದಷ್ಟೆ ಲೆಕ್ಕ. ಯಾವ ದೇಶ, ಯಾವ ಪಕ್ಷ, ಯಾವ ಕುಲ ಅನ್ನುವುದು ಲೆಕ್ಕಕ್ಕಿಲ್ಲ. ಯುದ್ಧದಲ್ಲೂ ಆಸ್ಪತ್ರೆಯನ್ನು ಮುಟ್ಟಬಾರದು ಅನ್ನುವ ಕಾನೂನು ಹುಟ್ಟಿದ್ದು ಈ ಲೆಕ್ಕದಿಂದಲೇ. ಅದರ ಹುಟ್ಟನ್ನು ಸ್ವಲ್ಪ ನೋಡೋಣ.

1859ರ ಜೂನ್ 24. ಇಟಲಿಯ ಉತ್ತರದಲ್ಲಿ ಸೋಲ್ಫೆರಿನೊ ಅನ್ನುವ ಊರು. ಒಂದು ಕಡೆ ಫ್ರಾನ್ಸ್ ಮತ್ತು ಸಾರ್ಡಿನಿಯಾದ ಸೈನ್ಯ, ಇನ್ನೊಂದು ಕಡೆ ಆಸ್ಟ್ರಿಯಾದ ಸೈನ್ಯ. ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು ಸೇರಿ ಹತ್ತಾರು ಸಾವಿರ. ಸೈನ್ಯದಲ್ಲಿ ಮನುಷ್ಯರನ್ನು ನೋಡುವ ವೈದ್ಯರು ಎಷ್ಟು ಕಡಿಮೆಯಿದ್ದರೆಂದರೆ, ಬಿದ್ದವರು ಬಿದ್ದಲ್ಲೇ ಬಾಯಾರಿ ಸಾಯುತ್ತಿದ್ದರು. ಆ ಹೊತ್ತಿಗೆ ಅಲ್ಲಿಗೆ ಬಂದವನು ಹೆನ್ರಿ ಡ್ಯೂನಾಂಟ್ ಎಂಬ ಜಿನೀವಾದ ವ್ಯಾಪಾರಿ. ಅವನೇನು ಗಾಯಾಳುಗಳನ್ನು ಹುಡುಕಿಕೊಂಡು ಬಂದ ಸಂತನಲ್ಲ. ಫ್ರಾನ್ಸ್ ಆಗಲೇ ನುಂಗಿಕೊಂಡಿದ್ದ ಅಲ್ಜೀರಿಯಾದಲ್ಲಿ ಅವನಿಗೆ ಹಿಟ್ಟಿನ ಗಿರಣಿಯ ವ್ಯವಹಾರವಿತ್ತು. ಅದರ ನೀರಿನ ಹಕ್ಕಿಗಾಗಿ ಚಕ್ರವರ್ತಿ ಮೂರನೆ ನೆಪೋಲಿಯನ್ನನನ್ನು ಕಾಣಬೇಕೆಂದು ಬಂದಿದ್ದ. ಈ ಮಾತನ್ನು ಇಲ್ಲಿ ಗುರುತು ಹಾಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಕ್ಕದ ಕಾಸ್ಟಿಲಿಯೋನೆ ಎಂಬ ಊರಿನ ಚರ್ಚಿನಲ್ಲಿ ಗಾಯಾಳುಗಳನ್ನು ತಂದು ಮಲಗಿಸಿದ್ದರು. ಊರಿನ ಹೆಂಗಸರು ಕೊಡ, ಬಕೆಟ್ಟು, ಹಳೆ ಬಟ್ಟೆ ಹಿಡಿದುಕೊಂಡು ಬಂದರು. ಮೊದಮೊದಲು ನಮ್ಮವರು, ಶತ್ರುಗಳು ಅಂತ ನೋಡುತ್ತಿದ್ದವರು ಆಮೇಲೆ ಎಲ್ಲರಿಗೂ ನೀರು ಕೊಟ್ಟರು, ಎಲ್ಲರ ಗಾಯವನ್ನೂ ತೊಳೆದರು. ಎಲ್ಲರೂ ಅಣ್ಣತಮ್ಮಂದಿರೇ ಅನ್ನುವುದು ಆ ಹೆಂಗಸರ ಮಾತಾಯಿತು. ಡ್ಯೂನಾಂಟ್ 1862ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ. 1863ರಲ್ಲಿ ರೆಡ್ ಕ್ರಾಸಿನ ಮೊದಲ ಸಮಿತಿ ಹುಟ್ಟಿತು. 1864ರ ಆಗಸ್ಟ್ 22ರಂದು 12 ರಾಜ್ಯಗಳು ಜಿನೀವಾ ಒಪ್ಪಂದಕ್ಕೆ ರುಜು ಹಾಕಿದವು. ಗಾಯಗೊಂಡ ಸೈನಿಕ ಯಾವ ರಾಷ್ಟ್ರದವನೇ ಆಗಿರಲಿ, ಅವನನ್ನು ಎತ್ತಿ ತಂದು ಆರೈಕೆ ಮಾಡಬೇಕು. ಹಾಗೆ ಆರೈಕೆ ಮಾಡುವವರ ಮೇಲೆ, ಅವರ ಆಸ್ಪತ್ರೆಯ ಮೇಲೆ ಕೈ ಮಾಡಬಾರದು. ಒಪ್ಪಂದದ ತಿರುಳು ಇಷ್ಟೆ.

ದೊರೆಗಳು ಕಾನೂನು ಬರೆದದ್ದು ಆಮೇಲೆ. ಹೆಸರಿಲ್ಲದ ಹಳ್ಳಿ ಹೆಂಗಸರು ಅದನ್ನು ಮಾಡಿ ತೋರಿಸಿದ್ದು ಮೊದಲು. ಮುಟ್ಟಿದ ಮೇಲೆ ಕಾನೂನಾಯಿತೇ ಹೊರತು ಕಾನೂನಾದ ಮೇಲೆ ಮುಟ್ಟಿದ್ದಲ್ಲ.

ಎರಡನೆ ಮಹಾಯುದ್ಧದಲ್ಲಿ ಊರೂರುಗಳೇ ಬೂದಿಯಾದ ಮೇಲೆ, 1949ರ ಆಗಸ್ಟ್ 12ರಂದು ನಾಲ್ಕು ಜಿನೀವಾ ಒಪ್ಪಂದಗಳು ಬಂದವು. ನಾಲ್ಕನೆಯದು ಕೋವಿ ಹಿಡಿಯದ ಸಾಮಾನ್ಯ ಜನರದು. ಅದರ 18ನೇ ಕಲಮು ನಾಗರಿಕ ಆಸ್ಪತ್ರೆಯ ಮೇಲೆ ಯಾವ ಸಂದರ್ಭದಲ್ಲೂ ದಾಳಿ ಮಾಡಬಾರದು ಅನ್ನುತ್ತದೆ. ದೇಶದೊಳಗಿನ ಕಾಳಗಕ್ಕೆ ಈ ನಾಲ್ಕಕ್ಕೂ ಸೇರಿದ 3ನೇ ಕಲಮು ಇದೆ. ಗಾಯಗೊಂಡವರನ್ನು, ಕಾಯಿಲೆಯವರನ್ನು ಎತ್ತಿ ಆರೈಕೆ ಮಾಡಲೇಬೇಕು ಅಂತ ಅಲ್ಲೂ ಬರೆದಿದೆ. 1977ರಲ್ಲಿ ಸೇರಿಸಿದ ಹೆಚ್ಚುವರಿ ಒಪ್ಪಂದವು ಕಾದುವವರಿಗೂ ಕಾದದವರಿಗೂ ಸದಾ ವ್ಯತ್ಯಾಸ ಮಾಡಬೇಕು, ಒಬ್ಬ ಮನುಷ್ಯ ಸೈನಿಕನೋ ಅಲ್ಲವೋ ಅಂತ ಅನುಮಾನ ಬಂದರೆ ಅಲ್ಲ ಅಂತಲೇ ತಿಳಿಯಬೇಕು ಅಂದಿತು. ಅಂದರೆ ಅನುಮಾನದ ಲಾಭ ಬಡಪಾಯಿಗೆ ಸಿಗಬೇಕು.

ಇದೆಲ್ಲ ಕಾಗದದ ಮೇಲೆ. ನೆಲದ ಮೇಲೆ ಏನಾಯಿತು?

2015ರ ಸೆಪ್ಟೆಂಬರ್ 28ರಂದು ಉತ್ತರ ಆಫ್ಘಾನಿಸ್ತಾನದ ಕುಂದೂಜ್ ಪಟ್ಟಣ ತಾಲಿಬಾನಿನ ವಶವಾಯಿತು. ಆ ಊರಿನಲ್ಲಿ 'ಗಡಿಯಿಲ್ಲದ ವೈದ್ಯರು' ಎಂಬ ಸಂಸ್ಥೆ 2011ರಿಂದ ಒಂದು ಆಸ್ಪತ್ರೆ ನಡೆಸುತ್ತಿತ್ತು. ಕೈಕಾಲು ಮುರಿದವರಿಗೆ, ಗುಂಡೇಟು ಬಿದ್ದವರಿಗೆ ಅಲ್ಲಿ ಪುಕ್ಕಟೆ ಶಸ್ತ್ರಚಿಕಿತ್ಸೆ. ಆಯುಧ ಹಿಡಿದು ಒಳಗೆ ಬರುವ ಹಾಗಿಲ್ಲ. ಸರ್ಕಾರದ ಸಿಪಾಯಿ, ತಾಲಿಬಾನಿನವನು, ದಾರಿಯಲ್ಲಿ ಗುಂಡು ತಾಗಿದ ತರಕಾರಿ ಮಾರುವವನು, ಎಲ್ಲರಿಗೂ ಮಂಚ ಅಲ್ಲೇ. ಆಸ್ಪತ್ರೆ ಭೂಪಟದಲ್ಲಿ ಎಲ್ಲಿದೆ ಅನ್ನುವ ಕರಾರುವಾಕ್ಕಾದ ಗುರುತನ್ನು ಸಂಸ್ಥೆ ಎಲ್ಲ ಸೈನ್ಯಗಳಿಗೂ ಕೊಟ್ಟಿತ್ತು. ಸೆಪ್ಟೆಂಬರ್ 29ರಂದು ಮತ್ತೊಮ್ಮೆ ಕೊಟ್ಟಿತು.

ಅಕ್ಟೋಬರ್ 3ರ ಬೆಳಗಿನ ಜಾವ, ಎರಡು ಗಂಟೆ ದಾಟಿತ್ತು. ಅಮೆರಿಕದ ಒಂದು ಎಸಿ-130 ಯುದ್ಧವಿಮಾನ ಮೇಲೆ ಸುತ್ತುತ್ತ ಆಸ್ಪತ್ರೆಯ ಮುಖ್ಯ ಕಟ್ಟಡಕ್ಕೆ ಗುರಿಯಿಟ್ಟು ಸುಮಾರು ಒಂದು ಗಂಟೆ ಹೊಡೆಯಿತು. ಒಳಗಿನವರು ಫೋನಿನ ಮೇಲೆ ಫೋನು ಮಾಡಿದರು. 'ಇದು ಆಸ್ಪತ್ರೆ, ನಿಲ್ಲಿಸಿ' ಅಂದರು. ಹೊಡೆತ ನಿಲ್ಲಲಿಲ್ಲ. ತೀವ್ರ ನಿಗಾ ವಿಭಾಗದಲ್ಲಿ ಏಳಲಾರದ ರೋಗಿಗಳು ಮಂಚದಲ್ಲೇ ಸುಟ್ಟುಹೋದರು. ಬದುಕಿದ್ದ ವೈದ್ಯರು ತಮ್ಮದೇ ಒಬ್ಬ ವೈದ್ಯನನ್ನು ಆಫೀಸಿನ ಮೇಜಿನ ಮೇಲೆ ಮಲಗಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಅವನು ಆ ಮೇಜಿನ ಮೇಲೆಯೇ ಸತ್ತ. ಒಟ್ಟು ಸತ್ತವರು 42. ಅವರಲ್ಲಿ 24 ರೋಗಿಗಳು, 14 ಸಿಬ್ಬಂದಿ, ರೋಗಿಗಳ ಜೊತೆಗೆ ಬಂದಿದ್ದ 4 ಜನ.

ಅಮೆರಿಕ ಏನಂದಿತು? ನಾಲ್ಕು ನೂರು ಮೀಟರಿನಾಚೆ ಇದ್ದ, ತಾಲಿಬಾನ್ ಹಿಡಿದಿದ್ದ ಒಂದು ಸರ್ಕಾರಿ ಕಟ್ಟಡ ಇದೇ ಅಂತ ತಪ್ಪು ತಿಳಿದೆವು ಅಂದಿತು. ಅಧ್ಯಕ್ಷರು ಫೋನಿನಲ್ಲಿ ಕ್ಷಮೆ ಕೇಳಿದರು. ಸತ್ತವರ ಮನೆಗೆ 6000 ಡಾಲರು, ಗಾಯಗೊಂಡವರಿಗೆ 3000 ಡಾಲರು. 2016ರ ಏಪ್ರಿಲ್ಲಿನಲ್ಲಿ 16 ಜನರ ಮೇಲೆ ಇಲಾಖಾ ಶಿಸ್ತುಕ್ರಮ. ಉದ್ದೇಶಪೂರ್ವಕವಲ್ಲ, ಆದ್ದರಿಂದ ಯುದ್ಧಾಪರಾಧವಲ್ಲ ಅಂತ ತೀರ್ಪು. ಕೋರ್ಟಿನ ಮೆಟ್ಟಿಲನ್ನು ಯಾರೂ ಹತ್ತಲಿಲ್ಲ. ವೈದ್ಯರ ಸಂಸ್ಥೆ ಸ್ವತಂತ್ರ ತನಿಖೆ ಬೇಕು ಅಂತ ಕೇಳಿತು. ಅದಕ್ಕೆಂದೇ 1977ರ ಒಪ್ಪಂದದ ಪ್ರಕಾರ ಒಂದು ಅಂತರರಾಷ್ಟ್ರೀಯ ಆಯೋಗ ಇದೆ. ಆದರೆ ಸಂಬಂಧಪಟ್ಟ ಸರ್ಕಾರಗಳು ಒಪ್ಪದೆ ಆ ಆಯೋಗ ಹೆಜ್ಜೆ ಇಡುವಂತಿಲ್ಲ. ಅವು ಒಪ್ಪಲಿಲ್ಲ. ಗೌಡನ ತಪ್ಪನ್ನು ಗೌಡನ ಚಾವಡಿಯಲ್ಲಿ ಗೌಡನೇ ವಿಚಾರಿಸಿ, 'ಕೈತಪ್ಪಿ ಆಯ್ತು, ತಗೊಳ್ರೋ ಎರಡು ಪಲ್ಲ ರಾಗಿ' ಅಂತ ಕಳಿಸಿದ ಹಾಗೆ. ಈ ನ್ಯಾಯ ನಮಗೆ ಹೊಸದಲ್ಲ. ನಮ್ಮ ಹಿಂದಿನ ಸಾಲಿನ ಹುಡುಗನಿಗೂ ಹೊಸದಲ್ಲ.

ಗೆದ್ದವನ ಪಶ್ಚಾತ್ತಾಪದ ವಿಚಾರ ಬಂದದ್ದರಿಂದ ಒಂದು ಹಳೆಯ ಮಾತು. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದರು ಅಂತ ಅಶೋಕ ತನ್ನ 13ನೇ ಬಂಡೆ ಶಾಸನದಲ್ಲಿ ತಾನೇ ಬರೆಸಿದ, ನೊಂದೆ ಅಂದ. ಆದರೆ ಆ ಶಾಸನ ಕಳಿಂಗದ ಬಂಡೆಗಳಲ್ಲೇ ಇಲ್ಲ! ಧೌಲಿಯಲ್ಲಿ, ಜೌಗಡದಲ್ಲಿ ಅದನ್ನು ಬಿಟ್ಟು ಬೇರೆ ಶಾಸನಗಳನ್ನು ಕೆತ್ತಿಸಿದ್ದಾರೆ. ಆ ಪ್ರತ್ಯೇಕ ಶಾಸನಗಳು ನಮ್ಮ ಕಲಬುರಗಿಯ ಸನ್ನತಿಯಲ್ಲೂ ಸಿಕ್ಕಿವೆ. ಊರಿಗೆಲ್ಲ ಹೇಳಿದ ಪಶ್ಚಾತ್ತಾಪವನ್ನು ಯಾರ ಮನೆ ಸುಟ್ಟಿತೋ ಅವರ ಬಾಗಿಲಲ್ಲಿ ಹೇಳಲಿಲ್ಲ. ಆದರೂ ಅದೇ ಅಶೋಕ 2ನೇ ಶಾಸನದಲ್ಲಿ ತನ್ನ ನಾಡಿನಲ್ಲಷ್ಟೇ ಅಲ್ಲ, ಗಡಿಯಾಚೆ ಚೋಳರ, ಪಾಂಡ್ಯರ ನಾಡುಗಳಲ್ಲೂ ಮನುಷ್ಯರಿಗೆ, ಪಶುಗಳಿಗೆ ವೈದ್ಯದ ಏರ್ಪಾಡು ಮಾಡಿದೆ ಅನ್ನುತ್ತಾನೆ. ಮದ್ದಿಗೆ ಗಡಿಯಿಲ್ಲ ಅನ್ನುವ ಅರಿವು ಜಿನೀವಾದಿಂದ ಬಂದ ಆಮದು ಸರಕಲ್ಲ ಅಂತ ತೋರಿಸಲು ಇಷ್ಟು ಸಾಕು.

ಈಗ ನಮ್ಮ ಎದುರು ನಿಲ್ಲುವ ಆಕ್ಷೇಪಣೆಗಳಿಗೆ ಬರೋಣ. ಮೂರಿವೆ. ಮೂರನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ಮೊದಲನೆಯದು ಸೈನ್ಯಗಳ ಆಕ್ಷೇಪಣೆ. 'ಆಸ್ಪತ್ರೆಯೊಳಗೆ ಶತ್ರು ಅಡಗಿದ್ದಾನೆ. ಆಯುಧ ಇಟ್ಟಿದ್ದಾನೆ. ಸುಮ್ಮನೆ ಬಿಡಬೇಕೆ?' ಇದಕ್ಕೆ ಉತ್ತರ 1949ರಲ್ಲೇ ಇದೆ, ನಾಲ್ಕನೇ ಒಪ್ಪಂದದ 19ನೇ ಕಲಮಿನಲ್ಲಿ. ಆಸ್ಪತ್ರೆಯನ್ನು ನಿಜವಾಗಿ ಯುದ್ಧಕ್ಕೆ ಬಳಸಿದರೆ ಅದರ ರಕ್ಷಣೆ ಹೋಗುತ್ತದೆ, ಆದರೆ ಎಚ್ಚರಿಕೆ ಕೊಟ್ಟು, ಸರಿಪಡಿಸಿಕೊಳ್ಳಲು ಸಮಯ ಕೊಟ್ಟು, ಕೇಳದೆ ಹೋದಾಗ ಮಾತ್ರ. ಗಾಯಗೊಂಡ ಸೈನಿಕ ಅಲ್ಲಿ ಮಲಗಿದ್ದಾನೆ ಅನ್ನುವುದು ನೆಪವಲ್ಲ. ಅವನಿಂದ ಬಿಚ್ಚಿಟ್ಟ ಕೋವಿ ಮೂಲೆಯಲ್ಲಿದೆ ಅನ್ನುವುದೂ ನೆಪವಲ್ಲ. ಎಚ್ಚರಿಕೆ ಕೊಟ್ಟ ಮೇಲೂ ಒಳಗಿರುವ ರೋಗಿ ರೋಗಿಯೇ. ಸಿಗುವ ಲಾಭಕ್ಕೆ ಮೀರಿ ಅವನ ಪ್ರಾಣ ತೆಗೆಯುವ ಹಾಗಿಲ್ಲ.

ಇಷ್ಟು ಹೇಳಿ ಇನ್ನೊಂದು ಮಗ್ಗುಲನ್ನು ನಾವು ಮುಚ್ಚಿಡಬಾರದು. ರೋಗಿಗಳ ಮಂಚದ ಕೆಳಗೆ ಆಯುಧ ಇಡುವವನೂ ಪಾಪಿಯೇ. ಅವನು ಯಾವ ವಿಮೋಚನೆಯ ಹೆಸರು ಹೇಳಿದರೂ ಅಷ್ಟೆ. 2009ರಲ್ಲಿ ಶ್ರೀಲಂಕಾದ ವನ್ನಿಯಲ್ಲಿ ಸೈನ್ಯ ಆಸ್ಪತ್ರೆಗಳ ಮೇಲೆ ಷೆಲ್ಲು ಸುರಿಯಿತು. ಅದೇ ಹೊತ್ತಿನಲ್ಲಿ ಹುಲಿಗಳು ತಮಿಳು ಜನರನ್ನು ಗುರಾಣಿ ಮಾಡಿಕೊಂಡರು, ತಪ್ಪಿಸಿಕೊಂಡು ಓಡಿದವರಿಗೆ ಗುಂಡು ಹೊಡೆದರು. ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಎರಡೂ ಕಡೆಯ ಮೇಲಿನ ಈ ಆರೋಪಗಳನ್ನು ನಂಬಲರ್ಹವೆಂದು ದಾಖಲು ಮಾಡಿತು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನಲ್ಲಿ ಸುಮಾರು 1200 ಜನರನ್ನು ಕೊಂದಿತು. ಅವರಲ್ಲಿ ಹೆಚ್ಚಿನವರು ಕೋವಿ ಹಿಡಿಯದವರು. ಮುದುಕರು, ಮಕ್ಕಳನ್ನೂ ಬಿಡದೆ ಒತ್ತೆಯಾಳುಗಳಾಗಿ ಎಳೆದೊಯ್ದರು. ಆಮೇಲೆ ಇಸ್ರೇಲ್ ಗಾಜಾದ ಮೇಲೆ ಮಾಡಿದ ಯುದ್ಧದಲ್ಲಿ ಹತ್ತಾರು ಸಾವಿರ ಜನ ಸತ್ತರು. ಅಲ್ಲಿನ ಅತಿ ದೊಡ್ಡ ಆಸ್ಪತ್ರೆ ಅಲ್-ಶಿಫಾಕ್ಕೆ 2023ರ ನವೆಂಬರಿನಲ್ಲಿ ಸೈನ್ಯ ನುಗ್ಗಿತು. 2024ರ ಮಾರ್ಚಿನಲ್ಲಿ ಮತ್ತೆ ನುಗ್ಗಿ ಹೊರಬಂದಾಗ ಅದು ಸುಟ್ಟ ಗೋಡೆಗಳ ರಾಶಿಯಾಗಿತ್ತು. ಒಬ್ಬನ ಅಪರಾಧ ಇನ್ನೊಬ್ಬನ ಅಪರಾಧಕ್ಕೆ ರಸೀತಿಯಲ್ಲ. ಯಾವುದೋ ಊರಲ್ಲಿ ಯಾರೋ ಒಬ್ಬ ಕದ್ದ ಅಂತ ಇಡೀ ಕೇರಿಗೆ ಬೆಂಕಿ ಇಟ್ಟವರ ತರ್ಕವನ್ನು ಮೈಮೇಲೆ ಹೊತ್ತವರು ನಾವು. ಅದೇ ತರ್ಕ ವಿಮಾನ ಹತ್ತಿ ಬಂದರೆ ಗುರುತು ಹಿಡಿಯದೆ ಇರುತ್ತೇವೆಯೆ?

ಎರಡನೆಯ ಆಕ್ಷೇಪಣೆ ನಮ್ಮ ಗೆಳೆಯರದೇ. 'ಇದು ಬಿಳಿಯರ, ಉಳ್ಳವರ ಕಾನೂನು. ತಮ್ಮತಮ್ಮಲ್ಲಿ ಹೊಡೆದಾಡುವಾಗ ಮರ್ಯಾದೆ ಇಟ್ಟುಕೊಂಡರು. ನಮ್ಮಂಥವರನ್ನು ಕೊಲ್ಲುವಾಗ ಕಾನೂನು ಮರೆತರು. ಯುದ್ಧಕ್ಕೆ ನೀತಿಯ ಬಣ್ಣ ಹಚ್ಚಿ ಯುದ್ಧವನ್ನೇ ಉಳಿಸಿಕೊಂಡರು.' ಈ ಮಾತಿನಲ್ಲಿ ಹುರುಳಿದೆ. ಡ್ಯೂನಾಂಟ್ ಅಲ್ಜೀರಿಯಾದ ನೀರಿಗೆ ಬಂದವನು ಅಂತ ಗುರುತು ಹಾಕಿದ್ದೆವಲ್ಲ, ಇದಕ್ಕೇ. ಸೋಲ್ಫೆರಿನೊದ ಗಾಯಾಳುಗಳಿಗೆ ಕಣ್ಣೀರಿಟ್ಟ ಯೂರೋಪು ಅಲ್ಜೀರಿಯಾದ ಸುಟ್ಟ ಹಳ್ಳಿಗಳಿಗೆ ಇಡಲಿಲ್ಲ. 1935ರ ಡಿಸೆಂಬರ್ 30ರಂದು ಮುಸೊಲಿನಿಯ ವಿಮಾನಗಳು ಇಥಿಯೋಪಿಯಾದ ಮೆಲ್ಕಾ ದಿದಾದಲ್ಲಿ ಸ್ವೀಡನ್ನಿನ ರೆಡ್ ಕ್ರಾಸ್ ಶಿಬಿರದ ಮೇಲೆ ಬಾಂಬು ಹಾಕಿದವು. 1972ರ ಡಿಸೆಂಬರ್ 22ರಂದು ಅಮೆರಿಕದ ಬಾಂಬುಗಳು ಹನೋಯಿಯ ಬಾಖ್ ಮಾಯ್ ಆಸ್ಪತ್ರೆಯ ಮೇಲೆ ಬಿದ್ದು 28 ಸಿಬ್ಬಂದಿ ಸತ್ತರು. ಊರೊಳಗೆ ಒಂದು ಕಟ್ಟಳೆ, ಕೇರಿಗೆ ಇನ್ನೊಂದು ಅನ್ನುವುದು ಲೋಕದಲ್ಲೆಲ್ಲ ನಡೆದಿದೆ. ಅದು ಈಗ ಬಿಳಿಯರನ್ನೂ ಬಿಡುವುದಿಲ್ಲ. 2022ರ ಮಾರ್ಚ್ 9ರಂದು ಉಕ್ರೇನಿನ ಮಾರಿಯುಪೋಲಿನಲ್ಲಿ ರಷ್ಯಾ ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬು ಹಾಕಿತು. ಕೇರಿಯಲ್ಲಿ ರೂಢಿ ಮಾಡಿಕೊಂಡ ಕೈ ಕೊನೆಗೆ ಯಾರ ಮನೆಯನ್ನೂ ಬಿಡುವುದಿಲ್ಲ.

2016ರ ಮೇ 3ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆಸ್ಪತ್ರೆಗಳ ರಕ್ಷಣೆಗೆ 2286ನೇ ನಿರ್ಣಯವನ್ನು ಒಮ್ಮತದಿಂದ ಮಾಡಿತು. ಅದೇ ಸಭೆಯಲ್ಲಿ ಗಡಿಯಿಲ್ಲದ ವೈದ್ಯರ ಅಧ್ಯಕ್ಷೆ ಎದ್ದು ನಿಂತು, ಈ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ನಾಲ್ವರು ಕಳೆದ ಒಂದು ವರ್ಷದಲ್ಲಿ ಆಸ್ಪತ್ರೆಗಳ ಮೇಲೆ ದಾಳಿ ಮಾಡಿದ ಕೂಟಗಳ ಜೊತೆಗಿದ್ದವರು ಅಂತ ಮುಖದ ಮೇಲೇ ಹೇಳಿದರು. ಕಳ್ಳರ ಕೈಯಲ್ಲೇ ಬೀಗದ ಕೈ.

ಹಾಗಾದರೆ ಈ ಕಾನೂನನ್ನು ಬೀದಿಗೆ ಬಿಸಾಡೋಣವೆ? ಒಂದು ಕ್ಷಣ ನಿಂತು ಯೋಚಿಸಿ. ಜಿನೀವಾ ಒಪ್ಪಂದಗಳು ಬಂದ ಅದೇ 1949ರ ನವೆಂಬರ್ 26ರಂದು ನಮ್ಮ ಸಂವಿಧಾನ ಅಂಗೀಕಾರವಾಯಿತು. ಅದರ 17ನೇ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅಸ್ಪೃಶ್ಯತೆ ಹೋಯಿತೆ? ಬಾವಿಗೆ, ಗುಡಿಗೆ, ಹೋಟೆಲಿನ ಲೋಟಕ್ಕೆ ಹೋಗಿ ಕೇಳಿ. ಹೋಗಿಲ್ಲ ಅಂತ ನಾವು 17ನೇ ಅನುಚ್ಛೇದವನ್ನು ಹರಿದುಹಾಕಿದೆವೆ? ಇಲ್ಲ. ಅದನ್ನು ಹಿಡಿದುಕೊಂಡೇ ಠಾಣೆಯ ಮುಂದೆ ಕೂತೆವು, ಕೋರ್ಟಿಗೆ ಹೋದೆವು. ಕಾನೂನು ಇಲ್ಲದಾಗ ನಮ್ಮನ್ನು ಹೊರಗಿಟ್ಟದ್ದು 'ಸಂಪ್ರದಾಯ'ವಾಗಿತ್ತು. ಕಾನೂನು ಬಂದ ಮೇಲೆ ಅದು 'ಅಪರಾಧ'ವಾಯಿತು. ಆ ಒಂದು ಪದದ ವ್ಯತ್ಯಾಸಕ್ಕಾಗಿ ಎಷ್ಟು ಜೀವ ಸವೆದಿದೆ! ಆಸ್ಪತ್ರೆಗೆ ಬಾಂಬು ಹಾಕಿದ ಅಮೆರಿಕವೂ ಕೊನೆಗೆ 'ಹಾಕಿದ್ದು ಸರಿ' ಅನ್ನಲಿಲ್ಲ, 'ತಪ್ಪಾಯಿತು' ಅನ್ನಬೇಕಾಯಿತು. ಸುಳ್ಳು ಹೇಳುವವನೂ ಕಾನೂನಿಗೆ ಹೆದರಿ ಸುಳ್ಳು ಹೇಳುತ್ತಾನೆ. ಆ ಹೆದರಿಕೆಯನ್ನು ದೊಡ್ಡದು ಮಾಡುವುದು ನಮ್ಮ ಕೆಲಸ, ಇಲ್ಲವಾಗಿಸುವುದಲ್ಲ.

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಹತ್ತಿರದ್ದು. ಅದು ನಮ್ಮ ಎದೆಯೊಳಗಿನದು. ಪದ್ಯ ಕತ್ತಿಯಾಗಬೇಕು ಅಂತ ಕೂಗಿದವರು ನಾವು. 1818ರ ಜನವರಿ 1ರಂದು ಪೇಶ್ವೆಯ ಸೈನ್ಯದ ಎದುರು ನಿಂತ ಮಹಾರ್ ಸಿಪಾಯಿಗಳನ್ನು ನೆನೆದು ಕೋರೆಗಾಂವ್ ಕಂಬಕ್ಕೆ ತಲೆಬಾಗುವವರು ನಾವು. 1927ರ ಜನವರಿ 1ರಂದು ಬಾಬಾಸಾಹೇಬರೇ ಅಲ್ಲಿಗೆ ಹೋಗಿದ್ದರು. ಅಂಥ ನಾವು ಶಾಂತಿ ಶಾಂತಿ ಅನ್ನುವುದು ಹೇಗೆ? ಏಟು ತಿಂದವನಿಗೆ ಶಾಂತಿ ಬೋಧಿಸುವುದು ಏಟು ಕೊಟ್ಟವನಿಗೇ ಅಲ್ಲವೆ ಲಾಭ?

ಇದಕ್ಕೆ ಬಾಬಾಸಾಹೇಬರೇ ದಾರಿ ತೋರಿಸಿದ್ದಾರೆ. ಅವರ 'ಬುದ್ಧ ಮತ್ತು ಅವನ ಧಮ್ಮ' 1957ರಲ್ಲಿ, ಅವರು ತೀರಿಕೊಂಡ ಮೇಲೆ ಹೊರಬಂತು. ಅದರಲ್ಲಿ ಅವರು ಅಹಿಂಸೆಯನ್ನು ಕುರುಡು ಕಟ್ಟಳೆ ಮಾಡಲಿಲ್ಲ. ಕೊಲ್ಲುವ ಬಯಕೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ ಅಂತ ಬಿಡಿಸಿ ಹೇಳಿದರು. ಕೋರೆಗಾಂವಿನ ಸಿಪಾಯಿ ಎದುರಿಗೆ ಆಯುಧ ಹಿಡಿದು ನಿಂತವನ ಜೊತೆ ಕಾದಿದ. ಅದನ್ನು ಅಗತ್ಯ ಅಂತ ವಾದಿಸಬಹುದು. ಮಂಚದ ಮೇಲೆ ಕಾಲು ಕತ್ತರಿಸಿಕೊಂಡು ಮಲಗಿದವನನ್ನು ಕೊಲ್ಲುವುದಕ್ಕೆ ಯಾವ ಅಗತ್ಯವನ್ನು ತೋರಿಸುತ್ತೀರಿ? ಅಲ್ಲಿ ಉಳಿಯುವುದು ಬಯಕೆ ಒಂದೇ, ಇಲ್ಲವೆ ಬಯಕೆಗಿಂತ ಕೆಟ್ಟದ್ದಾದ ಲಕ್ಷ್ಯವಿಲ್ಲದಿರುವಿಕೆ. 'ಅಲ್ಲಿ ಯಾರಿದ್ದರೇನು' ಅನ್ನುವ ಭಾವ. ಅದೇ ನಮಗೆ ಸಾವಿರ ವರ್ಷದಿಂದ ಪರಿಚಯವಿರುವ ಭಾವ. ಬಂಡಾಯ ಎತ್ತುವ ಕೈಗೂ ಒಂದು ಗೆರೆ ಬೇಕು. ಗೆರೆಯಿಲ್ಲದ ಕೈ ನಾವು ಯಾವ ಕೈಯ ವಿರುದ್ಧ ಎದ್ದೆವೋ ಆ ಕೈಯೇ ಆಗಿಬಿಡುತ್ತದೆ.

ಅದೇ ಪುಸ್ತಕದಲ್ಲಿ ಸಿದ್ಧಾರ್ಥ ಮನೆ ಬಿಟ್ಟ ಕಾರಣವನ್ನು ಅಂಬೇಡ್ಕರ್ ಬೇರೆಯೇ ಹೇಳುತ್ತಾರೆ. ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಓಡಿಹೋದದ್ದಲ್ಲ. ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ಹೊಳೆಯ ನೀರಿಗೆ ಜಗಳ. ಸೇನಾಪತಿ ಸಂಘದ ಸಭೆಯಲ್ಲಿ ಯುದ್ಧದ ಗೊತ್ತುವಳಿ ತಂದ. ಇಪ್ಪತ್ತೆಂಟು ವರ್ಷದ ಸಿದ್ಧಾರ್ಥ ಎದ್ದು ವಿರೋಧಿಸಿದ. ನಮ್ಮ ಕಡೆ ಇಬ್ಬರು, ಅವರ ಕಡೆ ಇಬ್ಬರು, ಆ ನಾಲ್ವರು ಆರಿಸಿದ ಐದನೆಯವನು, ಈ ಐವರು ಕೂತು ತೀರ್ಮಾನ ಮಾಡಲಿ ಅಂದ. ಮತಕ್ಕೆ ಹಾಕಿದರು, ಸೋತ. ಸೈನ್ಯಕ್ಕೆ ಸೇರುವುದಿಲ್ಲ ಅಂದಾಗ, ನಿನ್ನ ಮನೆಯವರಿಗೆ ಬಹಿಷ್ಕಾರ ಹಾಕುತ್ತೇವೆ, ಜಮೀನು ಕಿತ್ತುಕೊಳ್ಳುತ್ತೇವೆ ಅಂದರು. ಶಿಕ್ಷೆ ತನಗೊಬ್ಬನಿಗೇ ಇರಲಿ ಅಂತ ಅವನು ನಾಡು ಬಿಟ್ಟ. ಬಹಿಷ್ಕಾರ ಅಂದರೇನು ಅಂತ ಗೊತ್ತಿರುವ ನಮಗೆ ಆ ತ್ಯಾಗದ ತೂಕ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆಮೇಲೆ ಎರಡು ಕಡೆಯವರೂ ರಾಜಿಯಾದರು ಅನ್ನುವ ಸುದ್ದಿ ಬಂತು. ಮನೆಗೆ ವಾಪಸು ಹೋಗಬಹುದಿತ್ತು. ಹೋಗಲಿಲ್ಲ. ದೇಶ ದೇಶಗಳ ಯುದ್ಧ ಆಗೊಮ್ಮೆ ಈಗೊಮ್ಮೆ ಬರುತ್ತದೆ, ವರ್ಗ ವರ್ಗಗಳ ನಡುವಿನ ಕಾಳಗ ದಿನಾ ನಡೆಯುತ್ತದೆ, ಆ ಬೇರನ್ನು ಹುಡುಕಬೇಕು ಅಂತ ಮುಂದೆ ಹೊರಟ.

ನಾವು ಕೇಳುವ ಶಾಂತಿ ಇದು. ಏಟು ತಿಂದವನು ಸುಮ್ಮನಿರುವ ಶಾಂತಿಯಲ್ಲ. ಹೊಳೆಯ ನೀರು ಯಾರಿಗೆಷ್ಟು ಅಂತ ಕೂತು ಹಂಚಿಕೊಳ್ಳುವ ಶಾಂತಿ. ಸಭೆಯಲ್ಲಿ ಒಬ್ಬನೇ ಎದ್ದುನಿಂತು 'ಬೇಡ' ಅನ್ನುವ ಗಟ್ಟಿತನದ ಶಾಂತಿ.

ಈ ಗಟ್ಟಿತನ ನಮಗೆ ಬೇಕಾದ ಹೊತ್ತು ತೀರ ಹಿಂದಿನದೇನಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಪ್ರವಾಸಕ್ಕೆ ಹೋಗಿದ್ದವರನ್ನು ಧರ್ಮ ಕೇಳಿ ಕೊಂದರು. 'ಇದು ಯಾರ ಮೈ?' ಅನ್ನುವ ಅದೇ ಪ್ರಶ್ನೆ! ಕುದುರೆ ಹೊಡೆಯುವ ಅಲ್ಲಿನ ಮುಸಲ್ಮಾನ ಹುಡುಗನೂ ಸತ್ತ. ಮೇ 7ರಿಂದ 10ರವರೆಗೆ ಭಾರತ, ಪಾಕಿಸ್ತಾನ ಹೊಡೆದಾಡಿದವು. ಪೂಂಛ್‌ನಲ್ಲಿ ಷೆಲ್ಲು ಬಿದ್ದು ಸತ್ತವರಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರು. ಗಡಿಯಾಚೆಯೂ ಮಕ್ಕಳು ಸತ್ತರು. ಟೀವಿಯ ಮುಂದೆ ಕೂತ ನಾವು? ನಮ್ಮ ಕೇರಿಗಳಲ್ಲೂ ಪಟಾಕಿ ಹಚ್ಚಿದವರಿದ್ದರು ಅನ್ನುವುದನ್ನು ಒಪ್ಪಿಕೊಳ್ಳೋಣ.

ಇಲ್ಲೊಂದು ಸಂಗತಿಯನ್ನು ಹಳ್ಳಿ ಮೇಷ್ಟ್ರುಗಳು, ವಿದ್ಯಾರ್ಥಿಗಳು ತಿಳಿದಿರಬೇಕು. 1988ರ ಡಿಸೆಂಬರ್ 31ರಂದು ಭಾರತ, ಪಾಕಿಸ್ತಾನ ಒಂದು ಒಪ್ಪಂದಕ್ಕೆ ರುಜು ಹಾಕಿದವು. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಅಂತ. ಅದರ ಪ್ರಕಾರ 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಅದಲುಬದಲು ಮಾಡಿಕೊಳ್ಳುತ್ತ ಬಂದಿವೆ. 1999ರ ಕಾರ್ಗಿಲ್ ಯುದ್ಧ ಆಗಿಹೋದ ಮೇಲೂ ಅದು ನಿಲ್ಲಲಿಲ್ಲ. ಅಂದರೆ, ಮುಖ ನೋಡದ ಶತ್ರುಗಳೂ 'ಇಷ್ಟನ್ನು ಮುಟ್ಟಬಾರದು' ಅಂತ ಮಾತು ಕೊಟ್ಟು ನಡೆಸಿಕೊಳ್ಳಬಲ್ಲರು. ಅಣು ಸ್ಥಾವರಕ್ಕೆ ಸಿಕ್ಕ ಈ ಮರ್ಯಾದೆ ಹೆರಿಗೆ ಆಸ್ಪತ್ರೆಗೆ ಯಾಕಿಲ್ಲ? ಗಡಿಯ ಎರಡೂ ಕಡೆಯ ಆಸ್ಪತ್ರೆ, ಶಾಲೆ, ಕುಡಿಯುವ ನೀರಿನ ಸ್ಥಾವರ, ಇವುಗಳ ಪಟ್ಟಿಯನ್ನೂ ಅದೇ ಜನವರಿ 1ರಂದು ಅದಲುಬದಲು ಮಾಡಿಕೊಳ್ಳಲಿ ಅಂತ ನಾವು ಕೇಳಬೇಕು. ಪಟ್ಟಿ ಕೊಟ್ಟರೆ ಸಾಕೆ? ಸಾಲದು, ಕುಂದೂಜಿನವರೂ ಕೊಟ್ಟಿದ್ದರು. ಆದರೆ ಪಟ್ಟಿ ಕೈಗೆ ಬಂದವನು ಆಮೇಲೆ 'ಗೊತ್ತಿರಲಿಲ್ಲ' ಅನ್ನಲಾರ. 1949ರ ಒಪ್ಪಂದಗಳನ್ನು ಭಾರತ ಒಪ್ಪಿದೆ, 1960ರಲ್ಲಿ ಅದಕ್ಕೊಂದು ಕಾಯಿದೆಯನ್ನೂ ಮಾಡಿದೆ. ಆದರೆ ಸಾಮಾನ್ಯ ಜನರಿಗೆ ಹೆಚ್ಚಿನ ರಕ್ಷಣೆ ಕೊಡುವ 1977ರ ಹೆಚ್ಚುವರಿ ಒಪ್ಪಂದಗಳಿಗೆ ಸೇರಿಲ್ಲ. ಸೇರಬೇಕು ಅಂತಲೂ ಕೇಳಬೇಕು.

ಈಗ ಹಿಂದಿನ ಸಾಲಿನ ಹುಡುಗನಿಗೆ ಉತ್ತರ. ತಮ್ಮಾ, ನಿಮ್ಮೂರಿನ ಬೀಗ ಹಾಕಿದ ಆಸ್ಪತ್ರೆ, ಕುಂದೂಜಿನ ಸುಟ್ಟ ಆಸ್ಪತ್ರೆ ಎರಡೂ ಒಂದೇ ಅಂತ ನಾವು ಹೇಳುವುದಿಲ್ಲ. ಬೀಗಕ್ಕೂ ಬೆಂಕಿಗೂ ವ್ಯತ್ಯಾಸವಿದೆ. ಆದರೆ ಎರಡೂ ಕಡೆ ಯಾರೋ ದೂರದಲ್ಲಿ ಕೂತು, ಅಲ್ಲಿರುವವರ ಮೈ ಲೆಕ್ಕಕ್ಕೆ ಬರುವಂಥದ್ದಲ್ಲ ಅಂತ ತೀರ್ಮಾನಿಸಿದ್ದಾರೆ. ನೀನು ನಿಮ್ಮೂರ ಆಸ್ಪತ್ರೆಯ ಬೀಗ ತೆಗೆಸಲು ಧರಣಿ ಕೂತಾಗ ಕೇಳುವುದೂ ಇದನ್ನೇ: ನಮ್ಮ ಮೈಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಆ ಮಾತು ನಿನ್ನ ಬಾಯಲ್ಲಿ ನಿಜವಾಗಬೇಕಾದರೆ ನಿನಗೆ ಹೆಸರು ಗೊತ್ತಿಲ್ಲದವರ ಮೈಯನ್ನೂ ನೀನು ಲೆಕ್ಕಕ್ಕೆ ಹಿಡಿಯಬೇಕು. ಧರಣಿಯ ದಿನ ಕುಂದೂಜಿನ ಕಥೆಯನ್ನೂ ಹೇಳು. ಕಾಠಿಯಾವಾಡದ ಆ ಮೇಷ್ಟ್ರ ಹೆಂಡತಿಯ ಕಥೆಯನ್ನೂ ಹೇಳು.

ಆ ರಾತ್ರಿ ದೀಪದ ಬೆಳಕಿನಲ್ಲಿ ಥರ್ಮಾಮೀಟರು ಮೂರು ಕೈ ದಾಟಿ ಹೋಗಿ ಮೂರು ಕೈ ದಾಟಿ ಬಂತು. ಒಂದು ಕೈ ಮಾತ್ರ ಆಕೆಯ ನಾಡಿಯವರೆಗೆ ಬರಲಿಲ್ಲ. ಆ ಒಂದು ಕೈಗಾಗಿಯೇ ನಮ್ಮ ಹೋರಾಟ, ಇಲ್ಲೂ ಅಲ್ಲೂ.